ಒಂದೇ ಬಟ್ಟಲಿನ ಸುತ್ತ

ನಾವು ಮನೆಯಲ್ಲಿ ಮಾಡುವ ತಿಂಡಿಗಳಲ್ಲಿ ಎರಡು ಬಗೆಯುಂಟು. ಮೊದಲನೆಯದು ಕೂಡಿಟ್ಟು, ಕಟ್ಟಿ, ದೂರದವರಿಗೆ ಕಳುಹಿಸಿ ಸಂತೋಷಪಡುವಂಥದು. ಕರಾವಳಿಯ ಕ್ರೈಸ್ತ ಮನೆಗಳ ಕುಸ್ವಾರ್ ಈ ಬಗೆಗೆ ಸೇರಿದ್ದು. ನೆವ್ರ್ಯೊ, ಕಿಡ್ಯೊ, ಕೊಕ್ಕಿಸಾಂ, ಚಕ್ಕುಲಿಗಳನ್ನು ಕ್ರಿಸ್ಮಸ್ಸಿಗೆ ಮುಂಚಿತವಾಗಿಯೇ ಕರಿದು ಡಬ್ಬಿಗಳಲ್ಲಿ ತುಂಬುತ್ತೇವೆ. ನೆರೆಯವರಿಗೆ ತಟ್ಟೆಯಲ್ಲಿ, ಕೊಲ್ಲಿ ನಾಡಿನಲ್ಲಿರುವ ಮಕ್ಕಳಿಗೆ ಪೊಟ್ಟಣದಲ್ಲಿ ತಲುಪಿಸುತ್ತೇವೆ. ಎರಡನೆಯದು ಒಲೆಯಿಂದ ಇಳಿದ ಗಳಿಗೆಯಲ್ಲೇ ತಿನ್ನಬೇಕಾದದ್ದು. ಅದನ್ನು ಯಾರಿಗೂ ಕಳುಹಿಸಲಾಗದು. ತಿನ್ನುವವರೇ ಬಂದು ಕುಳಿತುಕೊಳ್ಳಬೇಕು. ಸ್ಪೇನ್ ದೇಶದ ಚುರ್ರೊ ಈ ಎರಡನೆಯ ಬಗೆಯ ತಿಂಡಿ.

ಹೆಸರು ಹೊಸದೆನಿಸಿದರೂ ಅದರೊಳಗಿರುವುದು ನಮಗೆ ತೀರ ಪರಿಚಿತವಾದ ವಸ್ತುಗಳೇ: ಮೈದಾ, ನೀರು, ಉಪ್ಪು. ಸ್ಪೇನಿನ ಸಾಂಪ್ರದಾಯಿಕ ವಿಧಾನದಲ್ಲಿ ಮೊಟ್ಟೆಯೂ ಇಲ್ಲ, ಬೆಣ್ಣೆಯೂ ಇಲ್ಲ. ಅಲ್ಲಿನ ಜನ ಇದನ್ನು ಬೆಳಗಿನ ಉಪಾಹಾರಕ್ಕೂ ಸಂಜೆಯ ತಿಂಡಿಗೂ ತಿನ್ನುತ್ತಾರೆ. ಹೊಸ ವರ್ಷದ ರಾತ್ರಿ ಕಳೆದು ಬೆಳಗಾಗುವಾಗ ಇದನ್ನು ತಿಂದು ಮನೆ ಸೇರುವ ರೂಢಿಯೂ ಉಂಟು. ಮ್ಯಾಡ್ರಿಡ್ ನಗರದ ಸ್ಯಾನ್ ಹಿನೆಸ್ ಎಂಬ ಅಂಗಡಿಯು 1894ರಿಂದಲೂ ಇದಕ್ಕೆ ಹೆಸರುವಾಸಿಯಾಗಿದೆ. ಚುರ್ರೊ ಜೊತೆಗೆ ಅಲ್ಲಿ ಕೊಡುವುದು ಒಂದು ಬಟ್ಟಲು ಬಿಸಿ ಚಾಕಲೇಟು. ಅದು ಕುಡಿಯುವುದಕ್ಕಿಂತ ಅದ್ದಿಕೊಳ್ಳುವುದಕ್ಕೇ ಒಗ್ಗುವಷ್ಟು ಮಂದವಾಗಿರುತ್ತದೆ.

ಈ ಚಾಕಲೇಟಿಗೂ ಧರ್ಮಸಭೆಗೂ ಒಂದು ಸ್ವಾರಸ್ಯಕರ ನಂಟಿದೆ. ಮೆಕ್ಸಿಕೊ ನಾಡಿನಿಂದ ಕೋಕೋ 16ನೆಯ ಶತಮಾನದಲ್ಲಿ ಸ್ಪೇನಿಗೆ ಬಂದಾಗ ಅದು ಪಾನೀಯವಾಗಿತ್ತು. ಉಪವಾಸದ ದಿನಗಳಲ್ಲಿ ಅದನ್ನು ಕುಡಿಯಬಹುದೇ ಎಂಬ ಪ್ರಶ್ನೆ ಎದ್ದು, ಆಂಟೋನಿಯೊ ದೆ ಲಿಯೋನ್ ಪಿನೆಲೊ ಎಂಬ ವಿದ್ವಾಂಸರು 1636ರಲ್ಲಿ ಅದರ ಮೇಲೆ ಒಂದು ಪುಸ್ತಕವನ್ನೇ ಪ್ರಕಟಿಸಿದರು. 1662ರಲ್ಲಿ ಕಾರ್ಡಿನಲ್ ಬ್ರಾಂಕಾಚ್ಚೊ, ಅದು ದ್ರವವಾದ್ದರಿಂದ ಉಪವಾಸಕ್ಕೆ ಭಂಗವಿಲ್ಲವೆಂದು ವಾದಿಸಿದರು. ಇಂದು ಕೋಕೋ ನಮ್ಮ ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲಿಯೂ ಬೆಳೆಯುತ್ತದೆ. ಕ್ಯಾಂಪ್ಕೊ ಸಹಕಾರ ಸಂಸ್ಥೆಯ ಪುತ್ತೂರಿನ ಚಾಕಲೇಟ್ ಕಾರ್ಖಾನೆ ಆರಂಭವಾದದ್ದು 1986ರಲ್ಲಿ.

ನಮ್ಮ ಮನೆಗೆ ಚುರ್ರೊ ಬಂದ ಬಗೆಯನ್ನು ಹೇಳುತ್ತೇನೆ. ತಂದೆಯವರು ಅಗಲಿದ ಮೇಲೆ ತಾಯಿಯವರು ನಮ್ಮೊಡನೆ ಇರಲು ಬಂದರು. ಊಟಕ್ಕೆ ಕರೆದರೆ, “ನೀವು ಉಣ್ಣಿ, ನನ್ನದನ್ನು ಮುಚ್ಚಿಡು” ಎನ್ನುವುದೇ ಅವರ ಉತ್ತರವಾಗಿತ್ತು. ಎಲ್ಲರೂ ಉಂಡೆದ್ದ ಬಳಿಕ ತಣ್ಣಗಾದ ಅನ್ನವನ್ನು ಎರಡು ತುತ್ತು ಉಂಡು ಮಲಗುವರು. ವಿದೇಶದಲ್ಲಿರುವ ತಮ್ಮನು ಪ್ರೀತಿಯಿಂದ ಕಳುಹಿಸಿದ ಚಾಕಲೇಟುಗಳು ಕಪಾಟಿನಲ್ಲಿ ಮುಚ್ಚಿದ ಹಾಗೆಯೇ ಇದ್ದವು. “ಬಂದವರಿಗೆ ಬೇಕಾಗುತ್ತದೆ” ಎನ್ನುತ್ತಿದ್ದರು. ಬರುವವರು ಮಾತ್ರ ಕಡಿಮೆಯಾಗಿದ್ದರು. ಅಂಥದೊಂದು ಭಾನುವಾರ ನನ್ನ ಮಗಳು ಚುರ್ರೊ ಮಾಡಬೇಕೆಂದು ಹಟ ಹಿಡಿದಳು. ಒತ್ತುವುದಕ್ಕೆ ನಮ್ಮಲ್ಲಿದ್ದುದು ತಾಯಿಯವರು ತಂದಿದ್ದ ಹಿತ್ತಾಳೆಯ ಚಕ್ಕುಲಿ ಒರಳು.

ವಿಧಾನ ಸರಳವಾದದ್ದು. ಎರಡು ಲೋಟ ನೀರಿಗೆ ಒಂದು ಚಮಚ ಉಪ್ಪು ಹಾಕಿ ಕುದಿಸಿ, ಅದೇ ಅಳತೆಯ ಎರಡು ಲೋಟ ಮೈದಾಕ್ಕೆ ಸುರಿದು, ಮರದ ಸೌಟಿನಿಂದ ಗಂಟಿಲ್ಲದಂತೆ ಕಲಸಬೇಕು. ಅಕ್ಕಿರೊಟ್ಟಿಗೆ ಹಿಟ್ಟು ಉಕ್ಕರಿಸಿದ ಕೈಗಳಿಗೆ ಇದನ್ನು ಕಲಿಸಬೇಕಾಗಿಲ್ಲ. ಕುದಿಯುವ ನೀರು ತಾಗಿದಾಗ ಹಿಟ್ಟಿನ ಪಿಷ್ಟ ಉಬ್ಬಿ ನೀರನ್ನು ಹೀರಿಕೊಳ್ಳುವುದರಿಂದಲೇ ಒತ್ತಿದ ಆಕಾರ ನಿಲ್ಲುತ್ತದೆ. ಹಿಟ್ಟು ಸ್ವಲ್ಪ ಆರಿದ ಮೇಲೆ ಒರಳಿಗೆ ತುಂಬಿ, ನಕ್ಷತ್ರಾಕಾರದ ಬಿಲ್ಲೆಯಿಂದ ಗೇಣುದ್ದಕ್ಕೆ ಒತ್ತಿ, ಸುಮಾರು 180 ಡಿಗ್ರಿ ಸೆಲ್ಸಿಯಸ್ ಬಿಸಿಯಾದ ಎಣ್ಣೆಯಲ್ಲಿ ಹೊಂಬಣ್ಣ ಬರುವವರೆಗೆ ಕರಿಯಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಚಿಲಿ ದೇಶದ ಪತ್ರಿಕೆಯೊಂದು 2004ರಲ್ಲಿ ಚುರ್ರೊ ಮಾಡುವ ವಿಧಾನವನ್ನು ಪ್ರಕಟಿಸಿತ್ತು. ಅದರಂತೆ ಮಾಡಿದಾಗ ಹಿಟ್ಟು ಸಿಡಿದು, ಕುದಿಯುವ ಎಣ್ಣೆ ಹಾರಿ ಅನೇಕರು ಸುಟ್ಟ ಗಾಯಗಳಿಂದ ನರಳಿದರು. 2011ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 13 ಮಂದಿಗೆ ಪರಿಹಾರ ನೀಡಬೇಕೆಂದು ಆದೇಶಿಸಿತು. ಆದ್ದರಿಂದ ಎಣ್ಣೆಯನ್ನು ಅತಿಯಾಗಿ ಕಾಯಿಸಬೇಡಿ. ಒರಳಿನಲ್ಲಿ ಗಾಳಿ ನಿಲ್ಲದಂತೆ ಹಿಟ್ಟನ್ನು ಅದುಮಿ ತುಂಬಿ. ದುಂಡು ತೂತಿನ ಬಿಲ್ಲೆಯನ್ನು ಬಳಸಬೇಡಿ. ನುಣುಪಾದ ದುಂಡು ಹಿಟ್ಟಿನ ಹೊರಮೈ ಬೇಗ ಗಟ್ಟಿಯಾಗಿ ಒಳಗಿನ ಹಬೆಗೆ ದಾರಿ ಸಿಗುವುದಿಲ್ಲ. ನಕ್ಷತ್ರದ ಗೀರುಗಳು ಕೇವಲ ಅಂದಕ್ಕಾಗಿ ಇರುವುದಲ್ಲ.

ಮೊಮ್ಮಗಳ ಕೈಗೆ ಬಲ ಸಾಲದೆ ಹೋದಾಗ ತಾಯಿಯವರು ಎದ್ದು ಬಂದು ಒರಳನ್ನು ತೆಗೆದುಕೊಂಡರು. ಕಪಾಟಿನ ಕಹಿ ಚಾಕಲೇಟನ್ನೂ ತಾವೇ ತಂದುಕೊಟ್ಟರು. ಅರ್ಧ ಲೀಟರ್ ಹಾಲಿಗೆ ಎರಡು ಚಮಚ ಕಾರ್ನ್‌ಫ್ಲೋರ್ ಕದಡಿ, ಸುಮಾರು 125 ಗ್ರಾಂ ಚಾಕಲೇಟು, ರುಚಿಗೆ ಬೇಕಾದಷ್ಟು ಸಕ್ಕರೆ ಹಾಕಿ, ಸಣ್ಣ ಉರಿಯಲ್ಲಿ ಮಂದವಾಗುವವರೆಗೆ ಕೈಬಿಡದೆ ತಿರುವಿದೆವು. ಮೊದಲ ತಂಡ ಒಲೆಯಿಂದ ಇಳಿದಾಗ “ನನ್ನದನ್ನು ಮುಚ್ಚಿಡು” ಎನ್ನುವ ಮಾತು ಬರಲಿಲ್ಲ. ಮುಚ್ಚಿಟ್ಟರೆ ಚುರ್ರೊ ತನ್ನದೇ ಹಬೆಗೆ ಮೆತ್ತಗಾಗಿ ತೊಗಲಿನಂತಾಗುತ್ತದೆಂದು ಜೀವಮಾನವಿಡೀ ಕರಿದ ಅವರಿಗೆ ನಾವು ಹೇಳಬೇಕಾಗಿರಲಿಲ್ಲ. ಅಡುಗೆಮನೆಯ ಮಣೆಯ ಮೇಲೆ ಕುಳಿತು, ಮಕ್ಕಳ ಬಟ್ಟಲಿನಲ್ಲಿಯೇ ಅದ್ದಿಕೊಂಡು ಮೂರು ಚುರ್ರೊ ತಿಂದರು. ತಂದೆಯವರಿಗೆ ಎಣ್ಣೆತಿಂಡಿ ಎಷ್ಟು ಇಷ್ಟವಿತ್ತೆಂಬ ಮಾತನ್ನು ಅಂದು ತಾವಾಗಿಯೇ ಆಡಿದರು.

ಅವರ ದುಃಖ ಅಂದೇ ಕರಗಿತೆಂದು ನಾನು ಹೇಳಲಾರೆ. ಅಗಲಿಕೆಯನ್ನು ಯಾವ ತಿಂಡಿಯೂ ನೀಗಿಸದು. ಆದರೆ ಮುಂದಿನ ಭಾನುವಾರ ಒರಳನ್ನು ಎಲ್ಲಿಟ್ಟೆಯೆಂದು ಕೇಳಿದವರು ಅವರೇ. ತಮ್ಮನ ಪೊಟ್ಟಣದಲ್ಲಿ ಪ್ರೀತಿಯ ಕೊರತೆಯೇನೂ ಇರಲಿಲ್ಲ. ಅದನ್ನು ಒಡೆದು ಜೊತೆಯಲ್ಲಿ ತಿನ್ನುವವರು ಬೇಕಾಗಿತ್ತು, ಅಷ್ಟೆ.

ನಿಮ್ಮ ಧರ್ಮಕೇಂದ್ರದಲ್ಲಿಯೂ ಇಂಥವರು ಇರಬಹುದು. ಮಕ್ಕಳು ಹಣ ಕಳುಹಿಸುತ್ತಾರೆ, ಹಬ್ಬಕ್ಕೆ ಕೇಕು ತಲುಪುತ್ತದೆ, ಆದರೂ ಊಟಕ್ಕೆ ಒಬ್ಬರೇ ಕೂರುತ್ತಾರೆ. ಅವರ ಮನೆಗೆ ಡಬ್ಬಿ ಕಳುಹಿಸುವುದು ಒಳ್ಳೆಯದೇ. ಒಮ್ಮೆಯಾದರೂ ಅವರನ್ನು ಒಲೆಯ ಬಳಿಗೆ ಕರೆಯಿರಿ. ನಡೆಯಲಾರದವರಾದರೆ ಬಾಣಲೆಯನ್ನೇ ಅವರ ಮನೆಗೆ ಕೊಂಡೊಯ್ಯಿರಿ. ಮೇಲಿನ ಅಳತೆ ಐದು ಮಂದಿಗೆ ಸಾಕು. ಆರನೆಯವರು ಬರುವುದಾದರೆ ಇನ್ನರ್ಧ ಲೋಟ ಹಿಟ್ಟನ್ನು ಹೆಚ್ಚಾಗಿ ಕಲಸಿಕೊಳ್ಳಿ.