ಬೆರಳಷ್ಟು ಕಿಂಡಿ

ಕೂಸು ಹುಟ್ಟಿ ಇಪ್ಪತ್ತು ದಿನಗಳಾಗಿವೆ. ಲಡಾಖಿನ ದ್ರಾಸ್ ಪಟ್ಟಣದ ಆ ಮನೆಯಲ್ಲಿ ಬಾಣಂತಿ ದಣಿದು ಮಲಗಿದ್ದಾಳೆ. ತಂದೆಗೆ ಮಾತ್ರ ನಿದ್ರೆಯಿಲ್ಲ.

ಊರು ಸುಮಾರು 3,300 ಮೀಟರ್ ಎತ್ತರದಲ್ಲಿದೆ. ಹಿಮ ದಟ್ಟವಾಗಿ ಸುರಿದರೆ ಕಾಶ್ಮೀರದ ಕಡೆಗಿನ ಜೋಜಿಲಾ ಮಾರ್ಗ ಮುಚ್ಚಿಹೋಗುತ್ತದೆ. ಕಾರ್ಗಿಲ್ ಸುಮಾರು 60 ಕಿಲೋಮೀಟರ್ ದೂರ. ಹಗಲೆಲ್ಲ ಆತ ಮಾಳಿಗೆಯ ಮೇಲಿನ ಹಿಮವನ್ನು ಸಲಿಕೆಯಿಂದ ತಳ್ಳುತ್ತಾನೆ. ಹೆಪ್ಪುಗಟ್ಟಿದ ನೀರನ್ನು ಕರಗಿಸಿ ಕೂಸಿನ ಬಟ್ಟೆ ಒಗೆಯುತ್ತಾನೆ. ಹೊರಗೆ ಹರವಿದರೆ ಬಟ್ಟೆ ಹಲಗೆಯಂತೆ ಸೆಟೆದುಕೊಳ್ಳುತ್ತದೆ. ಬುಖಾರಿಯ ಬಳಿಯೇ ಒಣಗಿಸಬೇಕು. ಬುಖಾರಿಯೆಂದರೆ ಕೋಣೆಯನ್ನು ಬೆಚ್ಚಗಿಡುವ ತಗಡಿನ ಒಲೆ. ಅದರ ಹೊಗೆ ಕೊಳವೆಯ ಮೂಲಕ ಹೊರಹೋಗುತ್ತದೆ.

ಆ ಕೊಳವೆ ಹಿಮದಿಂದ ಕಟ್ಟಿಕೊಂಡರೆ? ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಎಬ್ಬಿಸದೆಯೇ ಕೊಂಡೊಯ್ಯುತ್ತದೆ. ಆದುದರಿಂದ ಆತ ಕಿಟಕಿಯನ್ನು ಬೆರಳಷ್ಟು ತೆರೆದಿಡುತ್ತಾನೆ.

"ಕೂಸಿಗೆ ಶೀತವಾದೀತು, ಮುಚ್ಚು ಮಗನೇ" ಎಂದು ಆತನ ತಾಯಿ ಗದರುತ್ತಾಳೆ. ಅವನದೂ ಭಯ, ಅವಳದೂ ಭಯ. ಎರಡರ ಬೇರೂ ಒಂದೇ.

ಕೊನೆಗೊಂದು ಒಪ್ಪಂದವಾಯಿತು. ಬೆಂಕಿ ಇರುವಷ್ಟು ಹೊತ್ತೂ ಕಿಟಕಿ ತೆರೆದಿರಬೇಕು, ಒಬ್ಬರು ಎಚ್ಚರವಿರಬೇಕು. ಮಲಗುವ ಮುನ್ನ ಬುಖಾರಿಯನ್ನು ಪೂರ್ತಿ ಆರಿಸಬೇಕು. ಮೊದಲ ಸರದಿ ಅಜ್ಜಿಯದು, ಎರಡನೆಯದು ತಂದೆಯದು.

ನಡುರಾತ್ರಿ ಆತ ಒಂದು ಕೈಯನ್ನು ಕಿಂಡಿಗೆ ಒಡ್ಡಿ, ಇನ್ನೊಂದನ್ನು ಕೂಸಿನ ಎದೆಯ ಮೇಲೆ ಹಗುರವಾಗಿ ಇರಿಸುತ್ತಾನೆ. ಒಂದು ಕೈಗೆ ಚಳಿಗಾಳಿ ತಾಗುತ್ತದೆ. ಇನ್ನೊಂದಕ್ಕೆ ಪುಟ್ಟ ಉಸಿರಿನ ಏರಿಳಿತ. ಆತನ ಮನಸ್ಸು ನೆಮ್ಮದಿಗೊಳ್ಳುತ್ತದೆ.