ಓಡಿ ಹೋದವಳನ್ನು ಯಾರೂ ಹುಡುಕುವುದಿಲ್ಲ

ಸಯನೈಡ್ ಮೋಹನನ ಹೆಸರು ನೀವು ಕೇಳಿಯೇ ಇರುತ್ತೀರಿ. 2023ರಲ್ಲಿ ‘ದಹಾಡ್’ ವೆಬ್ ಸರಣಿ ಬಂದಾಗ ಕಥೆ ನಡೆಯುತ್ತಿದ್ದದ್ದು ರಾಜಸ್ಥಾನದಲ್ಲಾದರೂ, ನಮ್ಮ ಕಡೆಯವರಿಗೆ ನೆನಪಾಗಿದ್ದು ದಕ್ಷಿಣ ಕನ್ನಡದ ಈ ಮಾಜಿ ಮೇಷ್ಟ್ರು. ನಮ್ಮ ಆಫೀಸಿನ ಊಟದ ಟೇಬಲ್‌ನಲ್ಲೂ ಅದೇ ಮಾತು. “ಅಷ್ಟು ಜನ ಹುಡುಗೀರು ಅದು ಹೇಗೆ ಒಂದೇ ಥರ ಮೋಸ ಹೋದ್ರು ಮಾರಾಯ?” ಅಂತ ಒಬ್ಬ ಕೇಳಿದ. “ಪೊಲೀಸ್ರು ಏನ್ ಮಾಡ್ತಿದ್ರು?” ಅಂತ ಇನ್ನೊಬ್ಬ. ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ನನ್ನನ್ನು ಕಾಡೋದು ಮೂರನೆಯದು: ಇಪ್ಪತ್ತು ಮನೆಗಳಿಂದ ಇಪ್ಪತ್ತು ಹೆಣ್ಣುಮಕ್ಕಳು ಹೋದರಲ್ಲ, ಆ ಮನೆಗಳಲ್ಲಿ ಅಷ್ಟು ವರ್ಷ ಏನಂತ ಅಂದುಕೊಂಡಿದ್ದರು?

ಮೋಹನ್ ಕುಮಾರ್ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವನು. ಮನೆಯಲ್ಲಿ ಹೆಂಡತಿ ಮಕ್ಕಳಿದ್ದರು. ಅವನು ಆರಿಸಿಕೊಳ್ಳುತ್ತಿದ್ದದ್ದು ಬಡ ಮನೆಯ, ವರದಕ್ಷಿಣೆ ಹೊಂದಿಸಲಾಗದೆ ಮದುವೆ ತಡವಾಗುತ್ತಿದ್ದ ಹುಡುಗಿಯರನ್ನು. ಒಬ್ಬಳಿಗೆ ಒಂದು ಹೆಸರು, ಇನ್ನೊಬ್ಬಳಿಗೆ ಇನ್ನೊಂದು. ಅವಳ ಜಾತಿ ಯಾವುದೋ ತನ್ನದೂ ಅದೇ ಅನ್ನುತ್ತಿದ್ದ. ಸರ್ಕಾರಿ ನೌಕರಿ ಇದೆ, ವರದಕ್ಷಿಣೆ ಬೇಡ, ಮದುವೆಯಾಗೋಣ ಬಾ ಅಂತ ಊರು ಬಿಡಿಸಿ ದೂರದ ಲಾಡ್ಜಿಗೆ ಕರೆದುಕೊಂಡು ಹೋಗುತ್ತಿದ್ದ. ಮಾರನೇ ದಿನ ಒಡವೆಗಳನ್ನು ರೂಮಿನಲ್ಲೇ ಬಿಚ್ಚಿಡಿಸಿ ಬಸ್‌ಸ್ಟ್ಯಾಂಡಿಗೆ ಬಂದು, ಗರ್ಭ ನಿಲ್ಲದಿರಲು ಇರೋ ಮಾತ್ರೆ, ಶೌಚಾಲಯದಲ್ಲೇ ತಗೊ ಅಂತ ಕೈಗೆ ಕೊಡುತ್ತಿದ್ದ. ಅದರಲ್ಲಿ ಸಯನೈಡ್. ತಾನು ಅಕ್ಕಸಾಲಿಗ ಅಂತ ಹೇಳಿಕೊಂಡು ಅದನ್ನು ಕೊಂಡಿದ್ದ. ಆಮೇಲೆ ಲಾಡ್ಜಿಗೆ ವಾಪಸ್ ಹೋಗಿ ಒಡವೆ ಎತ್ತಿಕೊಂಡು ಊರಿಗೆ ಬಂದುಬಿಡುತ್ತಿದ್ದ.

ಇದರಲ್ಲಿ ಮಹಾ ಬುದ್ಧಿವಂತಿಕೆ ಏನೂ ಇಲ್ಲ. ನಿಜ ಹೇಳಬೇಕೆಂದರೆ ಒಂದೇ ಸ್ಕ್ರಿಪ್ಟನ್ನು ಮತ್ತೆ ಮತ್ತೆ ರನ್ ಮಾಡಿದ್ದಾನೆ, ಅಷ್ಟೇ. ಹಾಗಾದರೆ 2009ರವರೆಗೆ ಸಿಕ್ಕಿಬೀಳದೆ ಉಳಿದದ್ದು ಹೇಗೆ?

ನನ್ನ ಕೆಲಸ ಡೇಟಾಬೇಸ್ ಜೊತೆ. ಹಾಗಾಗಿ ನನಗೆ ಇದು ಎರಡು ಟೇಬಲ್‌ಗಳ ಥರ ಕಾಣುತ್ತೆ. ಒಂದು ಟೇಬಲ್ ಹಾಸನ, ಮೈಸೂರು, ಮಡಿಕೇರಿ, ಬೆಂಗಳೂರು ಇಂಥ ಊರುಗಳ ಪೊಲೀಸ್ ಠಾಣೆಗಳದ್ದು. ಬಸ್‌ಸ್ಟ್ಯಾಂಡ್ ಶೌಚಾಲಯದಲ್ಲಿ ಹೆಣ್ಣಿನ ಶವ, ಬಾಗಿಲು ಒಳಗಿನಿಂದ ಹಾಕಿದೆ, ಮೈಮೇಲೆ ಒಳ್ಳೆಯ ಸೀರೆ, ಒಡವೆ ಇಲ್ಲ, ವಿಳಾಸ ಇಲ್ಲ. ಸೆಕ್ಷನ್ 174ರ ಅಡಿಯಲ್ಲಿ ಅಸ್ವಾಭಾವಿಕ ಸಾವು ಅಂತ ಒಂದು ಯುಡಿಆರ್. ವಿಷ ಕುಡಿದು ಆತ್ಮಹತ್ಯೆ ಅಂತ ಷರಾ. ವಾರಸುದಾರರು ಬರಲಿಲ್ಲ, ಫೈಲು ಮುಚ್ಚಿತು. ಇನ್ನೊಂದು ಟೇಬಲ್ ಕರಾವಳಿಯ ಮನೆಗಳದ್ದು. ಅಲ್ಲಿ ಮಗಳು ಇಲ್ಲ. ಈ ಎರಡನ್ನೂ ಜಾಯಿನ್ ಮಾಡಲು ಇಬ್ಬರಿಗೂ ಸಾಮಾನ್ಯವಾದ ಒಂದು ಕಾಲಮ್ ಬೇಕು. ಹೆಸರೋ, ಫೋಟೋನೋ, ಕೊನೇ ಪಕ್ಷ ಒಂದು ನಾಪತ್ತೆ ದೂರಿನ ನಂಬರೋ. ತುಂಬಾ ಕಡೆ ಎರಡನೇ ಟೇಬಲ್‌ನಲ್ಲಿ ಸಾಲೇ ಇರಲಿಲ್ಲ. ಯಾಕಂದ್ರೆ ದೂರು ಕೊಡೋದು ಅಂದರೆ “ನಮ್ಮ ಮಗಳು ಓಡಿ ಹೋದಳು” ಅಂತ ಸರ್ಕಾರಿ ಕಾಗದದ ಮೇಲೆ ಬರೆದುಕೊಟ್ಟ ಹಾಗೆ.

ನಾನು ಬೆಳೆದದ್ದು ಹಾಸನದ ಪಕ್ಕದ ಹಳ್ಳಿಯಲ್ಲಿ. ಬಿಇ ಓದಿದ್ದು ಮೈಸೂರಲ್ಲಿ, ಸರಿಸುಮಾರು ಇದೇ ವರ್ಷಗಳಲ್ಲಿ. ತಿಂಗಳಿಗೊಮ್ಮೆ ಊರಿಂದ ಅಕ್ಕಿ ರೊಟ್ಟಿ, ಚಟ್ನಿಪುಡಿ ಕಟ್ಟಿಸಿಕೊಂಡು ಇದೇ ಬಸ್‌ಸ್ಟ್ಯಾಂಡುಗಳಲ್ಲಿ ಗಂಟೆಗಟ್ಟಲೆ ಕಾದಿದ್ದೇನೆ. ಅಂಥ ಕಡೆ ಹೊಸ ಸೀರೆ ಉಟ್ಟು ಗಂಡಸಿನ ಪಕ್ಕ ಬ್ಯಾಗ್ ಹಿಡಿದು ಕೂತ ಹೆಂಗಸು ಯಾರ ಕಣ್ಣಿಗೂ ವಿಶೇಷವಾಗಿ ಬೀಳಲ್ಲ. ಧರ್ಮಸ್ಥಳಕ್ಕೆ ಹೋಗ್ತಿರಬೇಕು, ಹೊಸದಾಗಿ ಮದುವೆ ಆಗಿರಬೇಕು ಅಂದುಕೊಳ್ತೀವಿ. ಅವನು ಜನಜಂಗುಳಿಯನ್ನು ಆರಿಸಿಕೊಂಡದ್ದು ಅದಕ್ಕೇ.

ಗಂಟು ಬಿಚ್ಚಿಕೊಂಡದ್ದು 2009ರ ಜೂನ್‌ನಲ್ಲಿ. ಬಂಟ್ವಾಳ ತಾಲೂಕಿನ ಯುವತಿಯೊಬ್ಬಳು ಕಾಣೆಯಾದಳು. ಅವಳ ಸಮುದಾಯದವರು ಸುಮ್ಮನಿರಲಿಲ್ಲ, ಠಾಣೆಯ ಮುಂದೆ ಜಮಾಯಿಸಿದರು. ಆದರೆ ಅವರ ಸಿಟ್ಟಿಗೆ ಕಾರಣ ಏನು ಗೊತ್ತಾ? ಅವಳು ಅನ್ಯಧರ್ಮದ ಹುಡುಗನ ಜೊತೆ ಓಡಿ ಹೋಗಿದ್ದಾಳೆ ಅನ್ನೋ ಗುಮಾನಿ. ಗುಮಾನಿ ಪೂರ್ತಿ ಸುಳ್ಳಾಗಿತ್ತು. ಆದರೂ ಆ ಗಲಾಟೆಯಿಂದಾಗಿ ಪೊಲೀಸರು ಈ ನಾಪತ್ತೆಯನ್ನು ಬದಿಗೆ ಸರಿಸುವ ಹಾಗಿರಲಿಲ್ಲ. ಇದನ್ನು ಯೋಚಿಸಿದಾಗೆಲ್ಲ ನನಗೆ ಕಸಿವಿಸಿ ಆಗುತ್ತೆ. ನಮ್ಮ ಮಗಳಿಗೆ ಏನಾಯ್ತೋ ಅನ್ನೋ ಆತಂಕಕ್ಕೆ ಸಿಗದ ತನಿಖೆ, ಯಾರ ಜೊತೆ ಹೋದಳೋ ಅನ್ನೋ ಕೋಪಕ್ಕೆ ಸಿಕ್ಕಿತು.

ಮುಂದಿನದು ಫೋನ್ ನಂಬರುಗಳ ಕೆಲಸ. ಅವಳ ಕಾಲ್ ರೆಕಾರ್ಡ್ ತೆಗೆಸಿದಾಗ ಒಂದು ನಂಬರಿನ ಜೊತೆ ತುಂಬಾ ಮಾತಾಡಿದ್ದು ಕಂಡಿತು. ಆ ಸಿಮ್ ಯಾರದು ಅಂತ ನೋಡಿದರೆ ಇನ್ನೊಬ್ಬ ಹೆಣ್ಣುಮಗಳದ್ದು. ವಿಚಾರಿಸಿದರೆ ಅವಳೂ ನಾಪತ್ತೆ! ಅವಳ ಕಾಲ್ ರೆಕಾರ್ಡ್ ತೆಗೆದರೆ ಮತ್ತೊಂದು ನಂಬರು, ಅದೂ ಕಾಣೆಯಾದ ಇನ್ನೊಬ್ಬಳದ್ದು. ಅವನು ಸತ್ತವಳ ಸಿಮ್ಮಿನಿಂದಲೇ ಮುಂದಿನವಳಿಗೆ ಫೋನ್ ಮಾಡುತ್ತಿದ್ದ. ಕೊನೆಗೆ ಒಂದು ಹ್ಯಾಂಡ್‌ಸೆಟ್ ಮಂಗಳೂರಿನ ಹತ್ತಿರ ಮತ್ತೆ ಜೀವಂತವಾಯಿತು. ಅದು ಸಿಕ್ಕಿದ್ದು ಮೋಹನನ ಸಂಬಂಧಿಕ ಹುಡುಗನ ಕೈಯಲ್ಲಿ. ಅಕ್ಟೋಬರ್‌ನಲ್ಲಿ ಮೋಹನ್ ಬಂಧನವಾಯಿತು. ಆಮೇಲೆ ನೋಡಿದರೆ ದಾಖಲೆಗಳು ಎಲ್ಲ ಕಡೆ ಬಿದ್ದಿದ್ದವು. ಲಾಡ್ಜಿನ ರಿಜಿಸ್ಟರಿನ ಸುಳ್ಳು ಹೆಸರುಗಳು, ಅಡವಿಟ್ಟ ಒಡವೆಗಳು, ಬೇರೆ ಬೇರೆ ಠಾಣೆಗಳ ಹಳೇ ಯುಡಿಆರ್ ಫೈಲುಗಳು, ಅವುಗಳೊಳಗಿನ ಶವದ ಫೋಟೋಗಳು. ಎಷ್ಟೋ ತಂದೆ ತಾಯಿಗಳಿಗೆ ಮಗಳು ಸಿಕ್ಕಿದ್ದು ಆ ಫೋಟೋಗಳಲ್ಲಿ.

ನ್ಯಾಯಾಲಯದ ಕಥೆಯೂ ಉದ್ದ. ಮಂಗಳೂರಿನ ಕೋರ್ಟಿನಲ್ಲಿ ಅವನು ತನ್ನ ಪರವಾಗಿ ತಾನೇ ವಾದ ಮಾಡಿದ. 2013ರ ಡಿಸೆಂಬರ್‌ನಲ್ಲಿ ಮೊದಲ ಪ್ರಕರಣಗಳಲ್ಲಿ ಅಪಹರಣ, ಅತ್ಯಾಚಾರ, ಕೊಲೆ ಸಾಬೀತಾಗಿ ಮರಣದಂಡನೆಯಾಯಿತು. 2017ರಲ್ಲಿ ಹೈಕೋರ್ಟ್ ಒಂದು ಪ್ರಕರಣದ ಮರಣದಂಡನೆಯನ್ನು ಸಾಯುವವರೆಗಿನ ಜೈಲುವಾಸಕ್ಕೆ ಇಳಿಸಿತು. ಉಳಿದ ಪ್ರಕರಣಗಳು ಒಂದೊಂದಾಗಿ ವಿಚಾರಣೆಗೆ ಬಂದು, ಇಪ್ಪತ್ತನೆಯ, ಕೊನೆಯ ಪ್ರಕರಣದ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ. ಅದಕ್ಕೆ ಜೀವಾವಧಿ. ಅಂದರೆ ಬಂಧನವಾಗಿ ಹತ್ತು ವರ್ಷಕ್ಕೂ ಮೇಲೆ. ಅವನು ಕೊಟ್ಟ ವಿಷದಿಂದ ಬದುಕುಳಿದ ಒಬ್ಬಾಕೆ ಕೋರ್ಟಿಗೆ ಬಂದು ಸಾಕ್ಷಿ ಹೇಳಿದಳು. ಊರಿನವರೆಲ್ಲ ನೂರು ಮಾತಾಡಿರುತ್ತಾರೆ ಅಂತ ಗೊತ್ತಿದ್ದೂ ಕಟಕಟೆ ಹತ್ತಿ, ಹೌದು, ನಾನು ಇವನ ಜೊತೆ ಹೋಗಿದ್ದೆ ಅನ್ನೋದಿದೆಯಲ್ಲ, ಇಡೀ ಪ್ರಕರಣದಲ್ಲಿ ನನಗೆ ಅದಕ್ಕಿಂತ ದೊಡ್ಡ ಧೈರ್ಯ ಕಾಣಲ್ಲ.

ನಮ್ಮೂರಲ್ಲೂ ಹೀಗೆ ಹೋದ ಒಬ್ಬ ಅಕ್ಕ ಇದ್ದಾಳೆ. ಹೈಸ್ಕೂಲಿನಲ್ಲಿ ನನಗೆ ಲೆಕ್ಕ ಹೇಳಿಕೊಡುತ್ತಿದ್ದವಳು. ಒಂದು ದಿನ ಬೆಳಗ್ಗೆ ಇರಲಿಲ್ಲ. ಅವರ ಅಪ್ಪ ಜಗಲಿ ಮೇಲೆ ಕೂತು, “ಹೋದ್ಲು ಬಿಡಿ, ನಮ್ಮ ಪಾಲಿಗೆ ಸತ್ಲು” ಅಂದರು. ಊರವರು ಅದನ್ನು ಗಟ್ಟಿತನ ಅಂತ ಮೆಚ್ಚಿಕೊಂಡರು. ಯಾರೂ ಠಾಣೆಗೆ ಹೋಗಲಿಲ್ಲ. ಅವಳು ಎಲ್ಲೋ ಚೆನ್ನಾಗೇ ಇರಬಹುದು, ಹಾಗೇ ಇರಲಿ. ನನ್ನ ತಕರಾರು ಇಷ್ಟೇ. ಬದುಕಿರೋವಾಗಲೇ ಸತ್ಲು ಅಂತ ತೀರ್ಮಾನ ಮಾಡಿದ ಮನೆಗೆ, ಅವಳು ನಿಜವಾಗಿ ಸತ್ತರೂ ಗೊತ್ತಾಗೋ ದಾರಿ ಇರಲ್ಲ. ಮೋಹನ್ ಲೆಕ್ಕ ಹಾಕಿದ್ದು ಇದನ್ನೇ. ಸಯನೈಡ್ ಅವಳನ್ನು ಕೊಂದಿತು, ಅವನನ್ನು ಕಾಪಾಡಿದ್ದು ಮನೆಯವರ ಮರ್ಯಾದೆ.

ನನ್ನ ವೃತ್ತಿಯವರು ಇದಕ್ಕೆ ತಕ್ಷಣ ಹೇಳೋ ಉತ್ತರ, “ಸಿಸ್ಟಮ್ ಇಂಟಿಗ್ರೇಟ್ ಮಾಡಿದ್ರೆ ಆಯ್ತಪ್ಪ.” ದೇಶದ ಎಲ್ಲ ಪೊಲೀಸ್ ಠಾಣೆಗಳನ್ನು ಜೋಡಿಸುವ ಸಿಸಿಟಿಎನ್‌ಎಸ್ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟದ್ದು 2009ರಲ್ಲೇ, ಅದೂ ಆ ಬಂಟ್ವಾಳದ ಯುವತಿ ಕಾಣೆಯಾದ ಜೂನ್ ತಿಂಗಳಲ್ಲೇ. ಒಳ್ಳೆಯದೇ. ಇವತ್ತು ಒಂದು ಜಿಲ್ಲೆಯ ಅನಾಮಧೇಯ ಶವವನ್ನು ಇನ್ನೊಂದು ಜಿಲ್ಲೆಯ ನಾಪತ್ತೆ ದೂರಿನ ಜೊತೆ ಹೋಲಿಸಿ ನೋಡೋದು ಆಗ ಇದ್ದಷ್ಟು ಕಷ್ಟ ಅಲ್ಲ. ಆದರೆ ಎಂಥಾ ಸಾಫ್ಟ್‌ವೇರ್ ಇದ್ದರೂ ಯಾರೂ ಎಂಟ್ರಿ ಮಾಡದ ಸಾಲನ್ನು ಅದು ಹುಡುಕಿಕೊಡಲ್ಲ.

ಹಾಗಾಗಿ ನಿಮ್ಮ ಊರಿಂದ, ನಿಮ್ಮ ಬಳಗದಿಂದ ಹೀಗೊಂದು ಫೋನ್ ಬಂದರೆ, “ಯಾರ ಜೊತೆ ಹೋದ್ಲಂತೆ?” ಅನ್ನೋದು ಆಮೇಲೆ ಇರಲಿ. “ಕಂಪ್ಲೇಂಟ್ ಕೊಟ್ರಾ? ಅವಳ ಫೋನ್ ನಂಬರ್ ಕೊಟ್ಟಿದ್ದೀರಾ? ಫೋಟೋ ಕೊಟ್ಟಿದ್ದೀರಾ?” ಅಂತ ಕೇಳಿ. ಅವಳು ಇಷ್ಟಪಟ್ಟೇ ಹೋಗಿದ್ದರೆ, ವಯಸ್ಸಿಗೆ ಬಂದವಳು, ಠಾಣೆಗೆ ಬಂದು ನಾನು ಚೆನ್ನಾಗಿದ್ದೀನಿ ಅಂತ ಒಂದು ಹೇಳಿಕೆ ಕೊಟ್ಟು ವಾಪಸ್ ಹೋಗ್ತಾಳೆ. ಅದರಿಂದ ಯಾರ ಗಂಟೂ ಹೋಗಲ್ಲ. ಅವಳು ಬಾರದಿದ್ದರೆ, ಯಾವುದೋ ಊರಿನ ಠಾಣೆಯಲ್ಲಿ ಧೂಳು ಹಿಡಿದ ಫೈಲೊಂದು ನಿಮ್ಮ ಆ ಕಂಪ್ಲೇಂಟಿಗಾಗಿಯೇ ಕಾಯ್ತಾ ಇರಬಹುದು.