ಬೆಂಗ್ರೆಯ ಅಂಗಳದಲ್ಲಿ ಎಂಜಿನ್

ಮಂಗಳೂರಿನ ಹಳೆ ಬಂದರಿನಿಂದ ಫೆರಿ ದೋಣಿ ಹತ್ತಿದರೆ ಕೆಲವೇ ನಿಮಿಷಗಳಲ್ಲಿ ನೀವು ಬೆಂಗ್ರೆಯಲ್ಲಿರುತ್ತೀರಿ. ಒಂದು ಕಡೆ ಫಲ್ಗುಣಿ ನದಿ, ಇನ್ನೊಂದು ಕಡೆ ಅರಬಿ ಸಮುದ್ರ, ನಡುವೆ ಉದ್ದನೆಯ ಮರಳಿನ ಪಟ್ಟಿ. ಕಸಬ ಬೆಂಗ್ರೆಯಲ್ಲಿ ಮುಸ್ಲಿಮರ ಮನೆಗಳು ಹೆಚ್ಚು, ತೋಟ ಬೆಂಗ್ರೆಯಲ್ಲಿ ಮೊಗವೀರರದು. ಇಬ್ಬರ ಅನ್ನವೂ ಕಡಲಿನದೇ.

ಈ ಪಟ್ಟಿಯ ದಕ್ಷಿಣ ತುದಿಯಲ್ಲಿ ನೇತ್ರಾವತಿ, ಫಲ್ಗುಣಿ ಎರಡೂ ಕೂಡಿ ಕಡಲು ಸೇರುತ್ತವೆ. ಅದೇ ಅಳಿವೆಬಾಗಿಲು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧವಿದ್ದರೂ 10 ಅಶ್ವಶಕ್ತಿಯೊಳಗಿನ ಎಂಜಿನ್ ಇರುವ ನಾಡದೋಣಿಗಳಿಗೆ ವಿನಾಯಿತಿ ಇದೆ. ಅಂದರೆ ಅಲೆಗಳು ಅತಿ ಎತ್ತರವಾಗಿರುವ ಕಾಲದಲ್ಲೇ ಅತಿ ಸಣ್ಣ ದೋಣಿಗಳು ಈ ಬಾಗಿಲು ದಾಟಬೇಕು. ಅಲ್ಲಿ ಎಂಜಿನ್ ನಿಂತರೆ ದೋಣಿ ಅಲೆಗೆ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿ ಮಗುಚಲು ಒಂದು ಅಲೆ ಸಾಕು.

ಆದ್ದರಿಂದ ಮನೆಗೆ ಹೊತ್ತು ತಂದ ಎಂಜಿನನ್ನು ಗಂಡಸರ ಸಾಮಾನೆಂದು ಬಿಟ್ಟು ಒಳಗೆ ಹೋಗಬೇಡಿ. ಅದರ ರೋಗ ಗುರುತಿಸುವುದು ನಿಮ್ಮಿಂದಲೂ ಆಗುವ ಕೆಲಸ.

ಹಗ್ಗ ಎಳೆದರೂ ಎಂಜಿನ್ ಹೊತ್ತಿಕೊಳ್ಳದಿದ್ದರೆ ಮೊದಲು ನಿಲುಗಡೆ ಸ್ವಿಚ್ಚಿನ ಕ್ಲಿಪ್ ಸರಿಯಾಗಿ ಕೂತಿದೆಯೇ ನೋಡಿ. ಅದು ಕಳಚಿದ್ದರೆ ಕಿಡಿಯೇ ಬರುವುದಿಲ್ಲ. ಆಮೇಲೆ ಪ್ಲಗ್ ಬಿಚ್ಚಿ. ತುದಿ ಒಣಗಿದ್ದರೆ ಇಂಧನ ತಲುಪುತ್ತಿಲ್ಲ. ಕಪ್ಪಾಗಿ ಒದ್ದೆಯಾಗಿದ್ದರೆ ಮಸಿ ಹಿಡಿದಿದೆ. ತಿಳಿ ಕಂದು ಬಣ್ಣವಿದ್ದರೆ ಪ್ಲಗ್ ಆರೋಗ್ಯವಾಗಿದೆ.

ಸೀಮೆಎಣ್ಣೆ ಎಂಜಿನುಗಳಲ್ಲಿ ಮಸಿಯೇ ದೊಡ್ಡ ಶತ್ರು. ಪೆಟ್ರೋಲಿನಲ್ಲಿ ಹೊತ್ತಿಸಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸುತ್ತಾರೆ. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿನಲ್ಲಿ ಸ್ವಲ್ಪ ಹೊತ್ತು ಓಡಿಸಬೇಕು. ದಡಕ್ಕೆ ಬಂದ ಆತುರದಲ್ಲಿ ಇದನ್ನು ಬಿಟ್ಟರೆ ಒಳಗೆ ಉಳಿದ ಸೀಮೆಎಣ್ಣೆ ಮರುದಿನ ಪ್ಲಗ್ಗನ್ನು ನೆನೆಸುತ್ತದೆ.

ಕಿಡಿ ಪರೀಕ್ಷಿಸಲು ಇಂಧನದ ಕೊಳವೆ ಕಳಚಿ ಡಬ್ಬಿಯನ್ನು ದೂರವಿಡಿ, ಚೆಲ್ಲಿದ್ದನ್ನು ಒರೆಸಿ. ಬಿಚ್ಚಿದ ಪ್ಲಗ್ಗುಗಳನ್ನು ಅವುಗಳ ಕ್ಯಾಪಿಗೆ ಹಾಕಿ, ಪ್ಲಗ್ ತೂತಿನಿಂದ ದೂರದಲ್ಲಿ ಎಂಜಿನಿನ ಲೋಹಕ್ಕೆ ತಾಗಿಸಿಟ್ಟು ಹಗ್ಗ ಎಳೆಯಿರಿ. ಕೈಯಲ್ಲಿ ಹಿಡಿಯಬೇಡಿ, ಬಲವಾದ ಶಾಕ್ ಹೊಡೆಯುತ್ತದೆ. ನೀಲಿ ಕಿಡಿ ಚಟಪಟ ಎಂದರೆ ಒಳ್ಳೆಯದು. ಮಂಕು ಹಳದಿಯಾದರೆ ಹೊಸ ಪ್ಲಗ್ ಹಾಕಿ ನೋಡಿ. ಎರಡು ಸಿಲಿಂಡರಿದ್ದು ಒಂದರಲ್ಲಿ ಮಾತ್ರ ಕಿಡಿ ಇಲ್ಲದಿದ್ದರೆ ಪ್ಲಗ್ಗುಗಳನ್ನು ಅದಲುಬದಲು ಮಾಡಿ. ದೋಷವೂ ಜಾಗ ಬದಲಿಸಿದರೆ ಪ್ಲಗ್ಗೇ ಕೆಟ್ಟಿದೆ. ಅಲ್ಲೇ ಉಳಿದರೆ ಕ್ಯಾಪ್, ತಂತಿ ಅಥವಾ ಕಾಯಿಲ್ ನೋಡಬೇಕು. ತಂತಿಯ ಜೋಡಣೆಗಳಲ್ಲಿ ಉಪ್ಪು ಹಿಡಿದು ಹಸಿರುಗಟ್ಟಿದ್ದರೆ ಉಜ್ಜಿ ಒಣಗಿಸಿ. ಎಷ್ಟೋ ಸಲ ರೋಗ ಅಲ್ಲಿಯೇ ಇರುತ್ತದೆ. ಇಷ್ಟಾದರೂ ಕಿಡಿ ಬಾರದಿದ್ದರೆ ಮೆಕ್ಯಾನಿಕ್‌ಗೆ ಕೊಡಿ.

ಎಂಜಿನನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿಯೇ ಓಡಿಸಿ, ಒಣಗಿ ಓಡಿದರೆ ನೀರಿನ ಪಂಪ್ ಕೆಡುತ್ತದೆ. ಓಡಿಸುವುದೂ ಬಯಲಿನಲ್ಲೇ ಆಗಬೇಕು, ಏಕೆಂದರೆ ಮುಚ್ಚಿದ ಕೋಣೆಯಲ್ಲಿ ಅದರ ಹೊಗೆ ಪ್ರಾಣ ತೆಗೆಯುತ್ತದೆ.

ಬೆಳಿಗ್ಗೆ ದೋಣಿ ಹೊರಡುವಾಗ ಬುತ್ತಿಯ ಜೊತೆ ಒಣ ಡಬ್ಬಿಯಲ್ಲಿ ಎರಡು ಹೊಸ ಪ್ಲಗ್, ಒಂದು ಸ್ಪ್ಯಾನರ್ ಕಳಿಸಿ. ಮೊಳೆಯಲ್ಲಿ ತೂಗುವ ಲೈಫ್ ಜಾಕೆಟ್ ಅವರ ಮೈಮೇಲಿರಲಿ. ಕಡಲು ಸಿಟ್ಟಾಗಿರುವ ದಿನ ಎಂಜಿನ್ ಎಷ್ಟು ಚೆನ್ನಾಗಿದ್ದರೂ ಹೋಗಬೇಡಿ ಎಂದು ಹೇಳುವ ಧೈರ್ಯವೂ ನಿಮಗಿರಲಿ.